ಚಕ್ಕಿನ ಮೇಲಿನ ಕುಂಕುಮ

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳತೊಡಗಿದರೆ ನಾನು ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದೆ. ವಾದ ಮಾಡುವ ಸ್ವಭಾವ ನನ್ನದಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು, ಕಾರಣ ಸಿಗದ ಸಂಗತಿ ಎಂದರೆ ಇನ್ನೂ ಸರಿಯಾಗಿ ನೋಡದ ಸಂಗತಿ ಎಂದೇ ತಿಳಿದಿದ್ದೆ. ಈಗ ಬರೆಯುತ್ತಿರುವುದನ್ನು ನಾನು ಹಗಲು ಬೆಳಕಿನಲ್ಲಿ, ಸರಿಯಾಗಿಯೇ ನೋಡಿದ್ದೇನೆ.

ಬೆಟಗೇರಿಯಲ್ಲಿ ಕಬ್ಬಿಣ ಕಡೆಯುವ ನಮ್ಮದೊಂದು ಸಣ್ಣ ಲೇತ್ ಅಂಗಡಿ. ಅಪ್ಪ, ಕಾಕಾ ಸೇರಿ ನಡೆಸುತ್ತಿದ್ದರು. ಲೇತಿನಲ್ಲಿ ಕೆಲಸದ ತುಂಡನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗಕ್ಕೆ ಚಕ್ ಎನ್ನುತ್ತಾರೆ. ಮೂರು ದವಡೆಗಳಿರುವ ಉಕ್ಕಿನ ಗಾಲಿ ಅದು. ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಕಾಕಾನಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಅಂಗೈ ಒತ್ತಿ ನಿಲ್ಲಿಸಿಬಿಡುತ್ತಿದ್ದ. "ಒಂದಿನಾ ಕೈ ಕಳಕೊಂತಿ ನೋಡಲೇ," ಎಂದು ಅಪ್ಪ ಪ್ರತಿಸಲವೂ ಬೈಯುತ್ತಿದ್ದರು. ಕಾಕಾ ಕೈ ಕಳೆದುಕೊಳ್ಳಲಿಲ್ಲ, ಕಾಮಾಲೆಯಿಂದ ತೀರಿಕೊಂಡ.

ಅದರ ಮರುವರ್ಷದ ಒಂದು ಅಮಾವಾಸ್ಯೆ. ಆ ದಿನ ನಮ್ಮಲ್ಲಿ ಯಂತ್ರಕ್ಕೆ ಪೂಜೆ, ಕೆಲಸಕ್ಕೆ ರಜೆ. ಅಪ್ಪ ಸ್ನಾನ ಮಾಡಿ, ಕೊರಳಿಗೆ ಶಲ್ಯ ಹಾಕಿಕೊಂಡು, ಚಕ್ಕಿನ ಸುತ್ತಲೂ ಕುಂಕುಮ ಬಳಿದು ಕಾಯಿ ಒಡೆದಿದ್ದರು. ಅಷ್ಟರಲ್ಲಿ ಹುಲಕೋಟಿಯ ರೈತರೊಬ್ಬರು ಪಂಪಿನ ಶಾಫ್ಟ್ ಹೊತ್ತು ಬಂದರು. ಅದರ ಮೇಲೆ ಬೇರಿಂಗ್ ಕೂಡುತ್ತಿರಲಿಲ್ಲ.

"ಇವತ್ತ ಮಿಷನ್ ಚಾಲೂ ಮಾಡಂಗಿಲ್ರಿ ಗೌಡ್ರ," ಎಂದರು ಅಪ್ಪ.

"ಅಮಾಸಿ ನಿಮ್ಮ ಮಿಷನ್ನಿಗೆ ಐತ್ರಿ ಅಣ್ಣಾರ. ನನ್ನ ಪಂಪಿಗೆ ಅದನ್ನ ಯಾರು ತಿಳಿಸಿ ಹೇಳಬೇಕು?"

ಅಪ್ಪ ನಕ್ಕುಬಿಟ್ಟರು. ಒಂದಿಷ್ಟು ಉಜ್ಜಿದರೆ ಮುಗಿಯುವ ಕೆಲಸ. ರೈತರು ಚಹಾಕ್ಕೆಂದು ಹೊರಗೆ ಹೋದರು. ಅಪ್ಪ ಕುಂಕುಮ ಅಳಿಸದಂತೆ ಜೋಪಾನವಾಗಿ ದವಡೆ ಬಿಗಿದರು, ಚಾವಿ ತೆಗೆದಿಟ್ಟರು, ಶಾಫ್ಟ್ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದರು. ಕೊರಳಲ್ಲಿದ್ದ ಶಲ್ಯ ಮಾತ್ರ ಮರೆತರು. ದಿನವೂ ಅರ್ಧತೋಳಿನ ಅಂಗಿಯಲ್ಲಿ ನಿಲ್ಲುವವರು. ಅದು ಮೈಮೇಲಿರುವುದೇ ಅವರ ಗಮನಕ್ಕೆ ಬರಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಬಾಗಿಲಲ್ಲಿ ಕುಳಿತು ಕಾಯಿ ಹೋಳು ಮಾಡುತ್ತಿದ್ದೆ.

ಸ್ವಿಚ್ ಹಾಕಿ, ಶಾಫ್ಟ್ ಉಜ್ಜುವ ಎಮರಿ ಕಾಗದ ಹಿಡಿದು ಅಪ್ಪ ಬಾಗಿದರು. ಶಲ್ಯದ ತುದಿಯನ್ನು ದವಡೆ ಕಚ್ಚಿಕೊಂಡಿತು. ಬಟ್ಟೆ ಹಗ್ಗದಂತೆ ಹೊಸೆದು ಕೊರಳಿಗೆ ಬಿಗಿಯಿತು, ಅವರ ಮುಖವನ್ನು ತಿರುಗುವ ಉಕ್ಕಿನತ್ತ ಜಗ್ಗಿತು. ಹಣೆ ಕಬ್ಬಿಣಕ್ಕೆ ಅಪ್ಪಳಿಸಿದ ಸದ್ದು ಕೇಳಿದೆ. ದವಡೆಯ ಅಂಚು ಕಿವಿಯನ್ನು ಹರಿಯಿತು. ಗೋಡೆಗೆ ರಕ್ತ ಸಿಡಿಯಿತು. ಅವರ ಕಾಲುಗಳು ನೆಲವನ್ನು ಒದೆಯುತ್ತಿದ್ದವು. ಸ್ವಿಚ್ ಆಚೆ ಗೋಡೆಯಲ್ಲಿತ್ತು. ನನಗೆ ಏಳಲು ಆಗಲಿಲ್ಲ.

ಆಗ ಚಕ್ ನಿಂತಿತು. ಮೋಟರ್ ನಿಂತಿರಲಿಲ್ಲ. ಅದು ಅರಚುತ್ತಿತ್ತು, ಬೆಲ್ಟು ಸುಟ್ಟು ಹೊಗೆ ಏಳುತ್ತಿತ್ತು. ನಾನು ಓಡಿ ಸ್ವಿಚ್ ಆರಿಸಿ, ಕೈಯಲ್ಲಿದ್ದ ಚಾಕುವಿನಿಂದಲೇ ಶಲ್ಯ ಕೊಯ್ದೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಮೇಲೆ ಅಪ್ಪ ಆಡಿದ ಮೊದಲ ಮಾತು ಬೈಗುಳ. "ಚಕ್ಕಿಗೆ ಕೈ ಹಚ್ಚಬಾರದವಾ. ನಿಮ್ಮ ಕಾಕಾನ ಚಟ ನಿನಗ್ಯಾಕ?"

"ನಾ ಹಚ್ಚಿಲ್ಲಪ್ಪ. ಬಾಗಲದಾಗ ಕುಂತಿದ್ದೆ."

"ನನ್ನ ಹೆಗಲ ಮ್ಯಾಲಿಂದ ಕೈ ಬಂತು. ನೋಡೇನಿ."

ಅವರು ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು. ಎಲ್ಲಿಯೂ ಉಜ್ಜಿ ಕೆಂಪಾಗಿರಲಿಲ್ಲ, ಸಣ್ಣ ಗೀರೂ ಇರಲಿಲ್ಲ.

ಬಟ್ಟೆ ಸಿಕ್ಕಿಕೊಂಡು ಬೆಲ್ಟು ಜಾರಿರಬೇಕು, ನೋವಿನಲ್ಲಿ ಅಪ್ಪನಿಗೆ ಏನೋ ಕಂಡಿರಬೇಕು ಎಂದುಕೊಂಡೆ. ನೀವೂ ಹಾಗೇ ಅನ್ನುವಿರಿ. ಮರುದಿನ ಅಂಗಡಿ ತೊಳೆಯಲು ಹೋದಾಗ ಚಕ್ಕಿನ ಕುಂಕುಮದ ಪಟ್ಟಿಯಲ್ಲಿ ಒಂದು ಅಂಗೈಯ ಅಗಲ ಅಳಿಸಿರುವುದನ್ನು ಕಂಡೆ. ಅಪ್ಪನ ಕೈಯೇ ತಾಗಿರಬಹುದು ಎಂದುಕೊಳ್ಳಲು ನೋಡಿದೆ. ಆದರೆ ತಿರುಗುವ ಗಾಲಿಗೆ ಯಾರ ಕೈ ತಾಗಿದರೂ ಕುಂಕುಮ ಸುತ್ತಲೂ ಉಜ್ಜಿಹೋಗಬೇಕು. ನಿಂತ ಮೇಲೆ ಅದನ್ನು ಅಪ್ಪನೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಅಲ್ಲಿ ನಾಲ್ಕು ಬೆರಳು, ಒಂದು ಹೆಬ್ಬೆರಳು ಬಿಡಿಬಿಡಿಯಾಗಿ ಮೂಡಿದ್ದವು, ನಿಂತ ಗಾಲಿಯ ಮೇಲೆ ಯಾರೋ ಮೆಲ್ಲಗೆ ಕೈ ಇಟ್ಟಂತೆ. ಬಕೆಟ್ಟಿನ ನೀರು ಹಾಗೇ ಇಟ್ಟು, ಬಾಗಿಲು ಹಾಕಿಕೊಂಡು ಮನೆಗೆ ಬಂದೆ.