ಸೀಮಂತಕ್ಕೆ ಬಂದ ಅಂಗಿ

೨೦೧೪ರ ಅಕ್ಟೋಬರ್ ತಿಂಗಳು. ನಾವು ಸಿಯಾಟಲ್ ಹತ್ತಿರದ ನ್ಯೂಕ್ಯಾಸಲ್‌ಗೆ ಬಂದು ಆಗಲೇ ಎಷ್ಟೋ ವರ್ಷಗಳಾಗಿದ್ದವು. ಮಗಳು ಇಂಚರ ಇಲ್ಲಿಯೇ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ವಾರವಿಡೀ ಹಾಸ್ಟೆಲ್ಲಿನಲ್ಲಿದ್ದು, ಶನಿವಾರವಾದರೆ ಒಗೆಯುವ ಬಟ್ಟೆಯ ಮೂಟೆ ಹೊತ್ತು ಮನೆಗೆ ಬರುತ್ತಿದ್ದಳು. ಸೇರಿದ್ದು ಜೀವಶಾಸ್ತ್ರಕ್ಕೆ. ಆದರೆ ನಾನು ಕಂಡಂತೆ ಅವಳು ಓದುತ್ತಿದ್ದದ್ದು ಫ್ಯಾಷನ್ ಪತ್ರಿಕೆಗಳನ್ನು ಮಾತ್ರ.

ಪತ್ರಿಕೆಗಳು ಅಂದರೆ ಒಂದೆರಡಲ್ಲ. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಷ್ಟು. ಅದರಲ್ಲೂ ಅಮೆರಿಕದ ದಕ್ಷಿಣದ ರಾಜ್ಯಗಳ ಹೆಂಗಸರು ಏನು ಉಡುತ್ತಾರೆ, ಮನೆ ಹೇಗೆ ಸಿಂಗರಿಸುತ್ತಾರೆ, ಅತಿಥಿಗಳನ್ನು ಹೇಗೆ ಕರೆಯುತ್ತಾರೆ ಅನ್ನುವುದನ್ನೇ ಬರೆಯುವ ಪತ್ರಿಕೆಗಳೆಂದರೆ ಅವಳಿಗೆ ಪಂಚಪ್ರಾಣ. ದಕ್ಷಿಣ ಅಂದರೆ ನನಗೆ ಜಯನಗರ, ಬನಶಂಕರಿ. ಅವಳಿಗೆ ಜಾರ್ಜಿಯಾ, ಅಲಬಾಮಾ. ಆ ಕಡೆ ಅವಳು ಕಾಲಿಟ್ಟದ್ದು ಜನ್ಮದಲ್ಲಿ ಒಂದೇ ಸಲ, ಅದೂ ಅಟ್ಲಾಂಟಾದಲ್ಲಿ ವಿಮಾನ ಬದಲಿಸುವುದಕ್ಕೆ.

ಸಿಯಾಟಲ್ ಕಡೆಯ ಜನಕ್ಕೆ ಬಟ್ಟೆಯ ಚಿಂತೆಯೇ ಇಲ್ಲ. ಆಫೀಸಿಗೂ ಬೆಟ್ಟ ಹತ್ತುವುದಕ್ಕೂ ಅದೇ ಒಂದು ಮಳೆ ಜಾಕೆಟ್. ನಾನೂ ಹಾಗೆಯೇ ಆಗಿದ್ದೇನೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುವ ಹಾಗೆ ಇವಳು ಮಾತ್ರ ಹೂವಿನ ಫ್ರಾಕು, ಕೊರಳಲ್ಲಿ ಮುತ್ತಿನ ಸರ, ತಲೆಗೆ ಅಂಗೈಯಗಲದ ರಿಬ್ಬನ್ನು ಹಾಕಿಕೊಂಡು ಜಿನುಗು ಮಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ನೆಗಡಿಯಾದರೆ ಕಷಾಯ ಮಾಡಿಕೊಡುವವಳು ನಾನು.

ಅವಳ ನಿಯಮಗಳೋ, ಕೇಳಲೇಬೇಡಿ. ಸೆಪ್ಟೆಂಬರಿನ ಲೇಬರ್ ಡೇ ರಜೆ ಕಳೆದ ಮೇಲೆ ಬಿಳಿ ಚಪ್ಪಲಿ ಹಾಕಬಾರದಂತೆ. ಸಂಜೆಯಾಗುವ ಮೊದಲು ಹೊಳೆಯುವ ಒಡವೆ ತೊಡಬಾರದಂತೆ. ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದಂತೆ. ‘ಮಂಗಳವಾರ ತಲೆಗೆ ನೀರು ಹಾಕ್ಕೋಬೇಡ, ಸಂಜೆ ಕೂದಲು ಬಿಚ್ಚಿಕೊಂಡು ಓಡಾಡಬೇಡ’ ಎಂದು ನನ್ನಮ್ಮ ಹೇಳಿಕೊಟ್ಟಿದ್ದನ್ನು ನಾನು ಹೇಳಿದರೆ ಕಣ್ಣು ಮೇಲಕ್ಕೆ ತಿರುಗಿಸುವ ಹುಡುಗಿ, ಕಂಡು ಕೇಳರಿಯದ ಅಲಬಾಮಾದ ಅಜ್ಜಿಯರ ಮಾತನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದಳು. ನಾನು ತಲೆ ಚಚ್ಚಿಕೊಂಡದ್ದೇ ಬಂತು.

ಹೀಗಿರುವಾಗ ರೂಪಾಳ ಸೀಮಂತ ಬಂತು. ರೂಪಾ ಕರ್ಕ್‌ಲ್ಯಾಂಡಿನ ನಮ್ಮ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ. ಮೈಸೂರಿನವಳು. ಮನೆ ಬಾಥೆಲ್‌ನಲ್ಲಿ. ನನ್ನನ್ನು ವೀಣಕ್ಕ ಎಂದು ಕರೆಯುತ್ತಾಳೆ. ಹಿಂದಿನ ವರ್ಷ ಬಸುರಿಯಾಗಿದ್ದಾಗ ಆರನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಅಷ್ಟು ಹೊತ್ತಿಗೆ ತೊಟ್ಟಿಲು, ಬಟ್ಟೆ, ಆಟದ ಸಾಮಾನು ಎಲ್ಲಾ ತಂದಿಟ್ಟಿದ್ದರು. ಎಲ್ಲವನ್ನೂ ಅವಳ ಗಂಡ ಒಬ್ಬನೇ ಕಾರಿಗೆ ತುಂಬಿಕೊಂಡು ಹೋಗಿ ವಾಪಸ್ ಕೊಟ್ಟು ಬಂದಿದ್ದ.

ಈ ಸಲ ಬಸುರಿಯಾದಾಗ ಮೈಸೂರಿನಿಂದ ಅವಳ ಅತ್ತೆ ಲಲಿತಮ್ಮ ಬಂದರು. ಅವರು ಬಂದ ಮೇಲೆ ಆ ಮನೆಯಲ್ಲಿ ‘ಮಗು’ ಅನ್ನುವ ಮಾತೇ ನಿಂತುಹೋಯಿತು. ‘ಅದು’ ಅನ್ನುತ್ತಿದ್ದರು, ಇಲ್ಲವೇ ‘ದೇವರು ಕೊಟ್ಟಾಗ’ ಅನ್ನುತ್ತಿದ್ದರು. ಒಂದು ಸಾಕ್ಸು ಕೂಡ ಮನೆಯೊಳಗೆ ಬರುವಂತಿರಲಿಲ್ಲ. ಆಫೀಸಿನವರು ಪಾರ್ಟಿ ಮಾಡುತ್ತೇವೆ ಅಂದರೆ ರೂಪಾ ಬೇಡವೆಂದಳು. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೊಮ್ಮೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಿದ್ದಳು.

ಅವಳ ತಾಯಿಗೆ ವೀಸಾ ಸಿಗಲಿಲ್ಲ. ‘ತವರಿನವರು ಮಾಡೋದನ್ನ ನಾನು ಮಾಡ್ತೀನಮ್ಮ, ನಮ್ಮನೇಲೇ ಆಗ್ಲಿ’ ಎಂದು ಲಲಿತಮ್ಮನವರನ್ನು ಕೇಳಿಕೊಂಡೆ. ಅವರು ತುಂಬಾ ಹೊತ್ತು ಯೋಚಿಸಿ ಒಪ್ಪಿದರು.

‘ಹತ್ತು ಜನಕ್ಕಿಂತ ಹೆಚ್ಚು ಬೇಡ. ಅವಳಿಗೆ ಹಸಿರು ಬಳೆ, ಹೂವು, ಮಡಿಲಕ್ಕಿ, ಅಷ್ಟೇ. ಅದಕ್ಕೆ ಅಂತ ಯಾರೂ ಏನೂ ತರಕೂಡದು’ ಅಂದರು.

ಈ ಮಾತನ್ನು ನಾನು ಇಂಚರಳಿಗೆ ಬಿಡಿಸಿ ಬಿಡಿಸಿ ಹೇಳಿದೆ. ಹುಟ್ಟುವ ಮೊದಲು ಮಗುವಿಗೆ ಬಟ್ಟೆ ತರುವುದು ನಮ್ಮಲ್ಲಿಲ್ಲ, ಅದರಲ್ಲೂ ಆ ಮನೆಯವರು ಒಮ್ಮೆ ನೊಂದಿದ್ದಾರೆ, ನೀನು ಅಂಗಡಿಯಿಂದ ಏನೂ ಹೊತ್ತು ತರಬೇಡ ಎಂದೆ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ತಲೆಯಾಡಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಸೀಮಂತದ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಐದು ಬಗೆಯ ಅನ್ನದ ಗಲಾಟೆಯಲ್ಲಿದ್ದೆ. ಇಂಚರ ಹಾಲ್ ಸಿಂಗರಿಸುತ್ತೇನೆ ಎಂದಳು. ಪರವಾಗಿಲ್ಲ, ಒಂದು ಕೈಯಾದರೂ ಕೂಡಿತಲ್ಲ ಎಂದುಕೊಂಡೆ. ಹುಳಿಯನ್ನಕ್ಕೆ ಪುಡಿ ಹುಡುಕಿದರೆ ಬಾಟಲಿಯೇ ಇಲ್ಲ. ನನ್ನ ಸಾರಿನ ಪುಡಿ, ಹುಳಿ ಪುಡಿಯ ಗಾಜಿನ ಬಾಟಲಿಗಳನ್ನೆಲ್ಲಾ ಪ್ಲಾಸ್ಟಿಕ್ ಚೀಲಗಳಿಗೆ ಸುರಿದು, ಬಾಟಲಿ ತೊಳೆದು, ಹಿತ್ತಲಿನ ನೀಲಿ ಹೂವು ತುಂಬಿ ಸಾಲಾಗಿ ಇಟ್ಟಿದ್ದಳು. ದಕ್ಷಿಣದವರು ಹಾಗೆಯೇ ಇಡುವುದಂತೆ. ಯಾವ ಚೀಲದಲ್ಲಿ ಸಾರಿನ ಪುಡಿ, ಯಾವುದರಲ್ಲಿ ಹುಳಿ ಪುಡಿ ಎಂದು ಮೂಸಿ ನೋಡಿ ಕಂಡುಹಿಡಿಯಬೇಕಾಯಿತು. ಜಗಳವಾಡಲು ಪುರುಸೊತ್ತಿರಲಿಲ್ಲ.

ರೂಪಾ ಹಸಿರು ಸೀರೆಯುಟ್ಟು ಬಂದಳು. ಹಸೆಯ ಮೇಲೆ ಕೂರಿಸಿ, ಹೂವು ಮುಡಿಸಿ, ಬಳೆ ತೊಡಿಸಿದೆವು. ಲಲಿತಮ್ಮ ಒಂದೊಂದಕ್ಕೂ ದೇವರನ್ನು ನೆನೆಯುತ್ತಾ, ಎಲ್ಲಿ ಏನು ತಪ್ಪಾಗುತ್ತದೋ ಎಂದು ಸುತ್ತಲೂ ನೋಡುತ್ತಿದ್ದರು. ಮಡಿಲು ತುಂಬುವುದಾಯಿತು. ಇನ್ನೇನು ಆರತಿ ಎತ್ತಬೇಕು, ಅಷ್ಟರಲ್ಲಿ ನನ್ನ ಮಗಳು ಮುತ್ತಿನ ಸರ, ರಿಬ್ಬನ್ ಸಮೇತ ಬಂದು, ಬಿಳಿ ಕಾಗದ ಸುತ್ತಿದ ಪೆಟ್ಟಿಗೆಯೊಂದನ್ನು ರೂಪಾಳ ತೊಡೆಯ ಮೇಲೆ ಇಟ್ಟಳು.

ನಾನು ಕಣ್ಣಿನಲ್ಲೇ ಬೇಡ ಎಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ರೂಪಾ ಏನೋ ಸಿಹಿತಿಂಡಿ ಎಂದುಕೊಂಡು ಮುಚ್ಚಳ ತೆಗೆದಳು.

ಒಳಗೆ ಇದ್ದದ್ದು ಮಗುವಿನ ಅಂಗಿ. ಕೆನೆ ಬಣ್ಣದ, ಕಾಲು ಮುಚ್ಚುವಷ್ಟು ಉದ್ದದ ಅಂಗಿ. ಎದೆಯ ಹತ್ತಿರ ಸಣ್ಣ ಸಣ್ಣ ನೆರಿಗೆ ಹಿಡಿದು, ಅದರ ಮೇಲೆ ದಾರದಲ್ಲಿ ಹೂವಿನ ಕಸೂತಿ ಹಾಕಲಾಗಿತ್ತು.

ಆರತಿ ತಟ್ಟೆ ಹಿಡಿದಿದ್ದ ಪಕ್ಕದ ಮನೆಯಾಕೆ ಎರಡು ಹೆಜ್ಜೆ ಹಿಂದೆ ಹೋದರು. ಲಲಿತಮ್ಮನವರ ಮುಖ ಬಿಳುಚಿಕೊಂಡಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಈ ಬಸುರಿಗೆ ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಈ ಅಂಗಿಯದೇ ಮಾತಾಗುತ್ತದೆ, ನನ್ನ ಮನೆಯದೇ ಮಾತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ರೂಪಾಳ ಮನಸ್ಸಿಗೆ ಏನಾಯಿತೋ ಎಂದು ಹೆದರಿಕೆಯಾಯಿತು.

ಆಗ ನನ್ನ ಕಣ್ಣು ಅಂಗಿಯ ಅಂಚಿನ ಮೇಲೆ ಬಿತ್ತು. ಹಸಿರು ದಾರದ ಪುಟ್ಟ ಪುಟ್ಟ ಗೋಪುರಗಳು. ಅದು ನನ್ನ ಅಮ್ಮನ ಸೀರೆ.

ಅಮ್ಮ ತೀರಿಕೊಂಡ ಮೇಲೆ ಅಕ್ಕಂದಿರು ಒಂದೊಂದು ರೇಷ್ಮೆ ಸೀರೆ ತೆಗೆದುಕೊಂಡಿದ್ದರು. ನಾನು ಬೇಕೆಂದೇ ಈ ಹತ್ತಿ ಸೀರೆ ಕೇಳಿ ತಂದಿದ್ದೆ. ಅಮ್ಮ ಮನೆಯಲ್ಲಿ ದಿನಾ ಉಡುತ್ತಿದ್ದದ್ದು, ಒಗೆದು ಒಗೆದು ಬೆಣ್ಣೆಯಂತಾಗಿದ್ದದ್ದು. ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೆ. ಅದಕ್ಕೆ ಈ ಮಹಾರಾಯ್ತಿ ಕತ್ತರಿ ಹಾಕಿದ್ದಳು. ಎದ್ದು ಹೋಗಿ ಎರಡು ಬಾರಿಸಬೇಕು ಅನ್ನಿಸಿತು. ಆದರೆ ಹಸೆಯ ಮೇಲೆ ಬಸುರಿ ಕೂತಿದ್ದಾಳೆ, ಮುಂದೆ ಅವಳ ಅತ್ತೆ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ರೂಪಾ ಅಂಗಿಯನ್ನು ಎತ್ತಿ ಒಂದು ಅಂಗೈ ಮೇಲೆ ಹರಡಿದಳು. ತೋಳಿನೊಳಗೆ ಬೆರಳು ಹಾಕಿ ನೋಡಿದಳು.

‘ವೀಣಕ್ಕ, ಇಷ್ಟು ಚಿಕ್ಕದಿರತ್ತಾ?’ ಅಂದಳು. ‘ಮಗು ಇಷ್ಟೇ ಇಷ್ಟು ಇರತ್ತಾ?’

ಅಷ್ಟು ತಿಂಗಳಲ್ಲಿ ಅವಳ ಬಾಯಲ್ಲಿ ‘ಮಗು’ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಹೇಳಿದವಳೇ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು. ಕೈಯ ಹೊಸ ಬಳೆಗಳು ಸದ್ದು ಮಾಡುತ್ತಿದ್ದವು. ಇಂಚರಳ ಮುಖ ನೋಡಿದೆ. ತಾನು ಏನು ಮಾಡಿದ್ದೇನೆ ಎಂದು ಆಗಷ್ಟೇ ಅವಳಿಗೆ ಹೊಳೆದಿತ್ತು. ರಿಬ್ಬನ್ ಒಂದು ಕಡೆ ವಾಲಿಕೊಂಡು, ಈಗಲೋ ಆಗಲೋ ಅಳುವ ಹಾಗೆ ನಿಂತಿದ್ದಳು.

ಲಲಿತಮ್ಮ ಸೊಸೆಯ ಕೈಯಿಂದ ಅಂಗಿ ತೆಗೆದುಕೊಂಡರು. ಎಸೆದೇಬಿಡುತ್ತಾರೆ ಎಂದುಕೊಂಡೆ. ಅವರು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು.

‘ಇದು ಹೊಸ ಬಟ್ಟೆ ಅಲ್ಲ’ ಅಂದರು. ‘ಉಟ್ಟು ಹಳೇದಾದ ಸೀರೆ. ಯಾರದಿದು?’

‘ನಮ್ಮಮ್ಮಂದು’ ಎಂದೆ.

‘ಇದಾರಾ?’

‘ಇಲ್ಲ. ಹೋಗಿ ಮೂರು ವರ್ಷ ಆಯ್ತು. ಮರಿಮಕ್ಕಳನ್ನ ನೋಡಿ ಹೋದ್ರು.’

‘ಎಷ್ಟು ಜನ ಮಕ್ಕಳು ಅವ್ರಿಗೆ?’

‘ಆರು ಜನ.’

‘ಚಿಕ್ಕದ್ರಲ್ಲಿ ಯಾರಾದ್ರೂ ಹೋದ್ರಾ?’

‘ಇಲ್ಲಮ್ಮ. ಆರು ಜನಾನೂ ಇದೀವಿ.’

ಲಲಿತಮ್ಮ ಅಂಗಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

‘ಹೆತ್ತ ಆರನ್ನೂ ಉಳಿಸ್ಕೊಂಡ ಮಹಾತಾಯಿ ಉಟ್ಟ ಸೀರೆ’ ಅಂದರು. ‘ನನ್ನ ಮೊಮ್ಮಗೂಗೆ ಇದಕ್ಕಿಂತ ಒಳ್ಳೆ ಬಟ್ಟೆ ಎಲ್ಲಿಂದ ತರ್ಲಿ?’

ನಮ್ಮ ಕಡೆ ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ತುಂಬು ಬಾಳು ಬಾಳಿದವರ ಹಳೆಯ ಸೀರೆಯನ್ನೋ ಪಂಚೆಯನ್ನೋ ಹರಿದು ಸುತ್ತುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಗಾಬರಿಯಲ್ಲಿ ನೆನಪಿಗೆ ಬರಲಿಲ್ಲ. ಇಂಚರಳಿಗಂತೂ ಇದರ ಗಂಧಗಾಳಿಯೂ ಇರಲಿಲ್ಲ. ಲಲಿತಮ್ಮ ಅಂಗಿಯನ್ನು ಮಡಿಸಿ ತಮ್ಮ ಕೈಚೀಲದ ತಳಕ್ಕೆ ಸೇರಿಸಿ, ‘ಅಲ್ಲೀವರ್ಗೂ ಇದು ನನ್ನ ಪೆಟ್ಟಿಗೇಲಿರತ್ತೆ. ರೂಪಾ, ನೀನು ಇದನ್ನ ನೋಡಿಲ್ಲ’ ಎಂದರು. ಅಳುತ್ತಿದ್ದ ರೂಪಾ ನಕ್ಕುಬಿಟ್ಟಳು. ಆರತಿ ಎತ್ತಿದೆವು.

ಎಲ್ಲರೂ ಊಟ ಮಾಡಿ ಹೊರಟ ಮೇಲೆ ಮಗಳನ್ನು ಹಿಡಿದುಕೊಂಡೆ.

‘ಏನೂ ತರ್ಬೇಡ ಅಂದಿದ್ದೆ ತಾನೇ?’

‘ನೀನು ಅಂಗಡಿಯಿಂದ ತರ್ಬೇಡ ಅಂದೆ. ನಾನು ತಂದಿಲ್ಲ, ಹೊಲ್ದಿದೀನಿ’ ಎಂದಳು. ಅವಳ ಕನ್ನಡ ಜಗಳಕ್ಕೆ ಅಷ್ಟು ದೂರ ಮಾತ್ರ ಬರುತ್ತದೆ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ದಕ್ಷಿಣದ ಮನೆಗಳಲ್ಲಿ ಮಗುವಿನ ಮೊದಲ ಅಂಗಿಯನ್ನು ಅಜ್ಜಿಯ ಬಟ್ಟೆಯಲ್ಲೇ ಹೊಲಿಯುತ್ತಾರಂತೆ, ಪತ್ರಿಕೆಯಲ್ಲಿ ಬಂದಿತ್ತಂತೆ. ರೂಪಾ ಆಂಟಿಯ ಅಮ್ಮ ಇಲ್ಲಿಗೆ ಬರಲಾಗಲಿಲ್ಲವಲ್ಲ, ಅದಕ್ಕೆ ನಮ್ಮ ಅಜ್ಜಿಯದನ್ನು ಕೊಟ್ಟೆ ಎಂದಳು.

‘ನನ್ನನ್ನ ಒಂದು ಮಾತು ಕೇಳಬಾರ್ದಾಗಿತ್ತಾ?’

‘ಕೇಳಿದ್ರೆ ಬೇಡ ಅಂತಿದ್ದೆ.’

ಬೇಡವೆಂದೇ ಹೇಳುತ್ತಿದ್ದೆ. ಅದು ನಿಜವಾದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಆಮೇಲೆ ಎರಡು ವಾರ ಅವಳ ಬಟ್ಟೆ ಒಗೆಯಲಿಲ್ಲ. ಆದರೆ ಅವಳ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳಿದ್ದದ್ದನ್ನು ಅವತ್ತೇ ನೋಡಿದ್ದೆ. ನೋಡದವಳ ಹಾಗೆ ಇದ್ದೆ.

ಮುಂದಿನ ಎರಡು ಮೂರು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಫೋನಿನಲ್ಲಿ ರೂಪಾಳ ಹೆಸರು ಕಂಡರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಎಂಥದ್ದಕ್ಕೂ ಹರಕೆ ಹೊರದ ನಾನು ಬಾಥೆಲ್ ಕಡೆಯ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತು ಬಂದೆ.

ಜನವರಿಯ ಒಂದು ಬೆಳಿಗ್ಗೆ ಲಲಿತಮ್ಮನವರೇ ಫೋನ್ ಮಾಡಿದರು. ‘ವೀಣಾ, ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ. ಅಂಗಿ ಹಾಕಿದೀವಿ’ ಎಂದರು. ಹಿಂದೆಯೇ ಫೋಟೋ ಬಂತು. ಎಲ್ಲರೂ ಮಗು ಅಪ್ಪನ ಹಾಗಿದೆಯೋ ಅಮ್ಮನ ಹಾಗಿದೆಯೋ ಎಂದು ನೋಡುತ್ತಾರೆ. ನಾನು ಫೋಟೋ ದೊಡ್ಡದು ಮಾಡಿ ಮೊದಲು ನೋಡಿದ್ದು ಹಸಿರು ಗೋಪುರದ ಅಂಚನ್ನು. ಅದರ ಕೆಳಗಿಂದ ಎರಡು ಕೆಂಪು ಪಾದ ಇಣುಕುತ್ತಿದ್ದವು. ಆಫೀಸಿನ ಕಾರ್ ಪಾರ್ಕಿಂಗಿನಲ್ಲಿ ಕೂತು ಚೆನ್ನಾಗಿ ಅತ್ತೆ. ಅಮ್ಮ ಹೋದಾಗ ಕೂಡ ನಾನು ಹಾಗೆ ಅತ್ತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಮಗುವಿಗೆ ಅಂಗಿ ಚಿಕ್ಕದಾಯಿತು. ರೂಪಾ ಅದನ್ನು ಒಗೆದು ಮಡಿಸಿ ತಂದಳು.

‘ವೀಣಕ್ಕ, ನಿಮ್ಮಮ್ಮನ ಸೀರೆ. ನಿಮ್ಮ ಹತ್ರಾನೇ ಇರ್ಬೇಕು’ ಎಂದಳು. ಕೈಯಲ್ಲಿ ಹಿಡಿದೆ. ಹಾಲಿನ ವಾಸನೆ ಬರುತ್ತಿತ್ತು. ವಾಪಸ್ ಅವಳ ಕೈಗೇ ಕೊಟ್ಟು, ‘ಇಟ್ಕೋ. ನಿನ್ನ ಹಾಗೆ ಹೆದ್ರಿಕೊಂಡಿರೋರು ಇನ್ಯಾರಿಗಾದ್ರೂ ಬೇಕಾಗತ್ತೆ’ ಎಂದೆ.

ಪಕ್ಕದಲ್ಲಿ ಪತ್ರಿಕೆ ತಿರುವುತ್ತಿದ್ದ ಇಂಚರ ತಲೆಯೆತ್ತಿ, ‘ಅಮ್ಮಾ, ಇನ್ನೂ ನಾಲ್ಕು ಅಂಗಿಗೆ ಆಗೋಷ್ಟು ಸೀರೆ ಇದೆ’ ಎಂದಳು. ಎಂಥ ಮಗಳನ್ನು ಹೆತ್ತೆನಪ್ಪಾ ಅನ್ನಿಸಿತು. ಅವತ್ತೇ ಸೂಟ್‌ಕೇಸಿಗೆ ಬೀಗ ಹಾಕಿದೆ. ಅರ್ಧ ಕತ್ತರಿಸಿದ ಆ ಸೀರೆಯನ್ನು ನೋಡಿದಾಗಲೆಲ್ಲ ಇವತ್ತಿಗೂ ಅವಳ ಮೇಲೆ ಸಿಟ್ಟು ಬರುತ್ತದೆ. ಆದರೆ ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂದು ಅವಳಿಗೆ ಹೇಳಿದ್ದೇನೆ.