ಓದಿಸಿಕೊಂಡು ಅಳಿಸುತ್ತಿದ್ದ ಅವ್ವ

ಅವ್ವನ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಜೀವಮಾನವಿಡೀ ಗೋಡೆಗಳಿಗೆ ಸುಣ್ಣ ಬಳಿದು ತುದಿಯೆಲ್ಲ ಸವೆದು, ಬಚ್ಚಲಲ್ಲಿ ಉಳಿದ ಸೋಪಿನ ಚೂರಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಮಿಷಿನ್ನಿನ ಮೇಲೆ ಬೆರಳೊತ್ತಿದರೆ ಅದು ಕುಂಯ್ ಎಂದು ಕೆಂಪು ದೀಪ ತೋರಿಸುತ್ತಿತ್ತು. "ನಾನು ಇಲ್ವಂತ ಕಣಪ್ಪೊ, ಇದು ಏಳ್ತದ" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದಳು.

ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎದುರಿಗೆ ಸರ್ಕಾರಿ ಆಫೀಸಿನ ಉದ್ದನೆಯ ಕಾಂಪೌಂಡ್ ಗೋಡೆ. ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಅದು ಬೆಳಗಾಗುವುದರೊಳಗೆ ಆ ಗೋಡೆಯ ಮೇಲಿರುತ್ತಿತ್ತು, ಕೆಲವು ತಮಿಳಿನಲ್ಲಿ, ಕೆಲವು ಕನ್ನಡದಲ್ಲಿ. ಅಳಿಸುವ ಕೂಲಿ ಊರಾಚೆ ಕಾಲೊನಿಯ ಈ ಅವ್ವನದು. ಅವಳಿಗೆ ಎರಡೂ ಓದಲು ಬರುತ್ತಿರಲಿಲ್ಲ. ಆದರೆ ಯಾರಿಂದಲಾದರೂ ಓದಿಸಿಕೊಳ್ಳದೆ ಒಂದಕ್ಷರವನ್ನೂ ಅಳಿಸಿದವಳಲ್ಲ.

"ಬುದ್ಧೀ, ಏನ್ ಬರದವ್ರ ವಸಿ ಓದಿ. ಯಾರ್ ಸಂಕಟ್ವೊ ಏನೊ. ಗೊತ್ತಿಲ್ದ ಬಳಿಬಾರ್ದು."

ನಾನು ಗಲ್ಲಾದಿಂದಲೇ ಕೂಗಿ ಓದುತ್ತಿದ್ದೆ. ನಮ್ಮೂರಿಗೆ ಬಸ್ ಬಿಡಿ ಎಂದಿದ್ದರೆ "ಬುಟ್ಟಾರು, ಬುಟ್ಟಾರು" ಎನ್ನುತ್ತ ಬಳಿಯುವಳು. ಒಮ್ಮೆ ಯಾರೋ ಹುಡುಗ ಹುಡುಗಿಯ ಹೆಸರು ಬರೆದಿದ್ದ. "ಇದ್ಯಾರ್ಗೇನ್ ಮಾಡ್ತು, ಇರ್ಲಿ ಬುಡಿ" ಎಂದು ಅಷ್ಟು ಜಾಗ ಬಿಟ್ಟು ಸುತ್ತ ಬಳಿದಳು.

ನಮ್ಮ ಮನೆಯಲ್ಲಿ ಅವಳನ್ನು ಹೆಸರು ಹಿಡಿದೇ ಕೂಗುತ್ತಿದ್ದರು. ಅಂಗಡಿಯಲ್ಲಿ ಮಾತ್ರ ನನಗವಳು ಅವ್ವ. ನನ್ನ ಧೈರ್ಯ ಅಷ್ಟೇ.

ಒಂದು ವರ್ಷ ಆಫೀಸಿನವರು ಆ ಗೋಡೆಯ ಮೇಲೆ ಆನೆ ಹಿಂಡಿನ ದೊಡ್ಡ ಚಿತ್ರ ಬರೆಸಿ, ಕೆಳಗೆ 'ಆನೆಗೆ ದಾರಿ ಬಿಡಿ' ಎಂದು ಬಣ್ಣದ ಅಕ್ಷರ ಹಾಕಿಸಿದರು. ದಿಂಬಂ ಘಾಟಿ ಹತ್ತಿ ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ವಾರ ಕಳೆಯುವುದರೊಳಗೆ ಕಾಲೊನಿಯ ಹುಡುಗರು ಪಕ್ಕದ ಖಾಲಿ ಜಾಗದಲ್ಲಿ ಇದ್ದಿಲಿನಿಂದ ಇನ್ನೊಂದು ಚಿತ್ರ ಬರೆದರು: ಕುತ್ತಿಗೆಮಟ್ಟ ನೀರಿನಲ್ಲಿ ಚಟ್ಟ ಹೊತ್ತ ನಾಲ್ಕು ಜನ. ಕೆಳಗೆ, 'ಆನೆಗೆ ದಾರಿ ಉಂಟು, ನಮ್ಮ ಹೆಣಕ್ಕಿಲ್ಲ.'

ಅದು ಯಾರ ಬಗ್ಗೆ ಎಂದು ಊರಿಗೆಲ್ಲ ಗೊತ್ತು. ಕಾಲೊನಿಯವರ ಸುಡುಗಾಡಿಗೆ ಇದ್ದ ಕಾಲುದಾರಿ ನಮ್ಮ ಹೊಲದೊಳಗೆ ಹೋಗುತ್ತಿತ್ತು. ಕಾಡುಪ್ರಾಣಿಗಳು ಬರುತ್ತವೆಂದು ಅಣ್ಣ ಮುಟ್ಟಿದರೆ ಶಾಕ್ ಹೊಡೆಯುವ ಸೋಲಾರ್ ಬೇಲಿ ಎಳೆಸಿದ, ದಾರಿ ಮುಚ್ಚಿತು. ಅವರು ಹೆಣ ಹೊತ್ತು ಹಳ್ಳ ದಾಟತೊಡಗಿದರು. ಅವ್ವನ ಗಂಡನ ಚಟ್ಟ ಮಳೆಗಾಲದಲ್ಲಿ ನಡುಹಳ್ಳದಲ್ಲಿ ಮಗುಚಿ, ಹೆಣ ತೇಲಿಹೋಗಿ ಮುಳ್ಳುಕಂಟಿಗೆ ಸಿಕ್ಕಿಕೊಂಡಿತ್ತು.

ಅವ್ವ ಬಕೆಟ್ಟು ಇಟ್ಟು ನನ್ನ ಕಡೆ ತಿರುಗಿದಳು. "ಚಿತ್ರ ನಂಗೇ ಗೊತ್ತಾಯ್ತದ. ಅಕ್ಸರ ಓದಿ."

"ಕನ್ನಡಕ ಇಲ್ಲ ಕಣವ್ವ."

"ಮೂಗ್ ಮ್ಯಾಲಿರದೇನ ಬುದ್ಧಿ?"

ಪಕ್ಕದ ಟೀ ಅಂಗಡಿಯವರು ನಕ್ಕರು. ನಾನು ಜೆರಾಕ್ಸ್ ಮಿಷಿನ್ನಿನ ಕಡೆ ತಿರುಗಿದೆ. ಅಷ್ಟರಲ್ಲಿ ಆಫೀಸಿನ ಕ್ಲರ್ಕು ಹೊರಗೆ ಬಂದ. "ಏನಮ್ಮೋ, ಆಫೀಸರ್ ಬರ ಒತ್ತಾಯ್ತು, ಇನ್ನೂ ಬಳ್ದಿಲ್ವ?"

"ನೀವೇ ಓದ್ಬುಡಿ ಸಾರ್. ಬಳ್ದುಬುಡ್ತಿನಿ."

ಅವನು ಸಿಡುಕಿಕೊಂಡು ಜೋರಾಗಿಯೇ ಓದಿದ.

"ಇನ್ನೊಂದ್ಸಲ ಓದಿ ಸಾರ್, ಕಿವಿ ಮಂದ."

ಎರಡನೇ ಸಲ ಅವನ ದನಿ ಅವನಿಗೇ ಕೇಳಿಸಲಿಲ್ಲ. ಅವ್ವ ಬ್ರಷ್ ಅದ್ದಿ, ಚಟ್ಟದಿಂದ ಶುರುಮಾಡಿ ಎಲ್ಲವನ್ನೂ ಬಿಳಿ ಮಾಡಿದಳು.

ಸಂಜೆ ಕೈ ತೊಳೆಯಲು ನೀರು ಕೇಳಿಕೊಂಡು ಬಂದಾಗ, "ನೀನ್ಯಾಕವ್ವ ಅಳ್ಸಕೋದೆ?" ಎಂದೆ.

"ನಾ ಅಳುಸ್ದೆ ಇದ್ರ ಇನ್ನೊಬ್ಬ ಓದ್ದೇ ಅಳುಸ್ತಾನ." ಬಹಳ ಹೊತ್ತು ಕೈ ಉಜ್ಜಿದಳು. "ಬುದ್ಧೀ, ನಿಮ್ಮಣ್ಣಾರ್ನ ಒಂದ್ ಮಾತ್ ಕೇಳಿ. ಊರ್ಗೆಲ್ಲ ದಾರಿ ಬ್ಯಾಡ. ನಾ ಸತ್ತಾಗ ಒಂದ್ಸಲ ಬುಡ್ಲಿ. ನಂಗ ನೀರ್ ಕಂಡ್ರ ಬಯ."

"ಕೇಳ್ತೀನಿ ಕಣವ್ವ" ಎಂದೆ.

ಕೇಳಲಿಲ್ಲ. ನಾಳೆ, ಹಬ್ಬ ಕಳೆಯಲಿ, ಅಣ್ಣನ ಮನಸ್ಸು ಸರಿಯಿರುವಾಗ. ನೀವೀಗ ಇದನ್ನು ಓದುತ್ತಿರುವ ಪುಟದಲ್ಲೇ ಹಕ್ಕು, ನ್ಯಾಯ ಎಂದು ಉದ್ದುದ್ದ ಬರೆದೆ, ನೀವೂ ಮೆಚ್ಚಿದಿರಿ. ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿ ಬರಲಿಲ್ಲ.

ಹೋದ ದೀಪಾವಳಿ ಮುಗಿದು, ಊರಿನ ಅರ್ಧ ಜನ ಗುಮಟಾಪುರದ ಸಗಣಿ ಎರಚಾಡುವ ಹಬ್ಬಕ್ಕೆ ಹೋಗಿದ್ದ ದಿನ ಅವ್ವ ಸತ್ತಳು. ಎರಡು ದಿನದಿಂದ ಮಳೆ, ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಂದು ಕೇಳಿದೆ.

ಅಣ್ಣ ಕೂಗಾಡಲಿಲ್ಲ. "ಇವತ್ ಒಂದ್ ಎಣಕ್ ಬುಟ್ರ ನಾಳಕ ಅದೇ ದಾರಿ ಆಯ್ತದ ಕಣ್ಲಾ. ಬೇಕಾದ್ರ ಊವಿನ್ ಆರ ತಗಂಡೋಗು" ಎಂದ.

ಹೂವಿನ ಹಾರ ತೆಗೆದುಕೊಂಡೇ ಹೋದೆ. ನಮ್ಮ ಹೊಲದ ಬದುವಿನ ಮೇಲೆ ನಿಂತಿದ್ದೆ. ಅವರು ಚಟ್ಟಕ್ಕೆ ಮೂರು ಸುತ್ತು ಹಗ್ಗ ಬಿಗಿದು ನೀರಿಗಿಳಿದರು. ನಡುವೆ ಒಬ್ಬನ ಕಾಲು ಜಾರಿತು, ಚಟ್ಟದ ಒಂದು ಮೂಲೆ ಮುಳುಗಿತು, ಅವ್ವನ ಮುಖದ ಮೇಲೆ ನೀರು ಹೋಯಿತು. ದಡದ ಹೆಂಗಸರು ಕಿರುಚಿದರು. ಆಚೆ ದಡದಿಂದ ಒಬ್ಬ ಹುಡುಗ ತಿರುಗಿ ನನ್ನನ್ನೇ ನೋಡಿದ.

ಬೇಲಿಯ ಸ್ವಿಚ್ಚು ನಾನು ನಿಂತಲ್ಲಿಂದ ಹತ್ತು ಹೆಜ್ಜೆ. ಆಫ್ ಮಾಡಲಿಲ್ಲ.