ಮುನಿರಾಮಯ್ಯನವರ ಗಾಳಿರೆಕ್ಕೆ

ಎಲ್ಲಿ ದಪ್ಪ ಪ್ಲಾಸ್ಟಿಕ್ ಪೈಪಿನ ತುಂಡು ಕಂಡರೂ ಅಬ್ಬಿಗೆರೆಯ ಮುನಿರಾಮಯ್ಯನವರಿಗೆ ಅದರೊಳಗೆ ಮುದುರಿ ಮಲಗಿರುವ ರೆಕ್ಕೆಯೇ ಕಾಣುತ್ತದೆ. ಹೊಸ ಮನೆ ಏಳುವಲ್ಲೆಲ್ಲ ಹೋಗಿ ತುಂಡು ಕೇಳಿ ತರುತ್ತಾರೆ. ಗಾಳಿಯಿಂದ ತಮ್ಮ ತಾರಸಿಯಲ್ಲಿ ಒಂದಾದರೂ ಬಲ್ಬು ಉರಿಯಬೇಕೆಂಬುದು ಅವರ ಆಸೆ. ಪೈಪನ್ನು ಉದ್ದಕ್ಕೆ ಸೀಳಿ, ಬಾಣಲೆಯ ಬಿಸಿ ಮರಳಿನಲ್ಲಿ ಹೂತು, ಹಪ್ಪಳದ ಹಿಟ್ಟಿನಷ್ಟು ಮೆತ್ತಗಾದ ಕೂಡಲೇ ಗೋಣಿಚೀಲದಲ್ಲಿ ಹಿಡಿದೆತ್ತಿ, ಹೆಂಡತಿ ಅಕ್ಕಯ್ಯಮ್ಮನ ಮೊರದ ಬಾಗಿದ ಅಂಚಿಗೆ ಒತ್ತುತ್ತಾರೆ. “ಗಾಳಿಗೆ ಮೊರದ ಗುರ್ತೈತೆ ಕಣಪ್ಪ, ಇಂಗೇ ಬಾಗಬೇಕು” ಎಂದು ಬಾಡಿಗೆಯವರಿಗೆ ವಿವರಿಸುತ್ತಾರೆ. ತಾರಸಿಯ ಕಂಬದ ಮೇಲೆ ಡೈನಮೋಗೆ ಸಿಕ್ಕಿಸಿದ ರೆಕ್ಕೆ ತಿರುಗುವುದು ಮಾತ್ರ ಅಪರೂಪ. ಮೂಡಗಾಳಿಗೆ ಅಡ್ಡ ನಿಂತ ಪಕ್ಕದ ನಾಲ್ಕಂತಸ್ತಿನ ಕಟ್ಟಡವನ್ನು ಬಾಡಿಗೆಗೆಂದು ಕಟ್ಟಿಸಿದವರೂ ಅವರೇ. ಬೇಸರವಿಲ್ಲದೆ ಮೀಸೆಯಡಿಯಲ್ಲೇ ಸಿಳ್ಳೆ ಹಾಕುತ್ತಾ, ದಾರಿ ತಪ್ಪಿದ ಕರುವನ್ನು ಕರೆಯುವಂತೆ ಗಾಳಿಯನ್ನು ಕರೆಯುತ್ತಾರೆ. ಸುಗ್ಗಿಯ ತಿಂಗಳ ಇಳಿಹೊತ್ತಿನಲ್ಲಿ ಕೆಲವೊಮ್ಮೆ ಕಟ್ಟಡದ ಪಕ್ಕದಿಂದ ಒಂದೆಳೆ ಗಾಳಿ ನುಸುಳಿ ಬರುತ್ತದೆ. ರೆಕ್ಕೆ ಸುಂಯ್ಯೆನ್ನುತ್ತದೆ, ಬಲ್ಬು ಮಿಣುಕುತ್ತದೆ. ಆಗ ಅಕ್ಕಿ ಆರಿಸುತ್ತ ಕುಳಿತ ಅಕ್ಕಯ್ಯಮ್ಮ ತಲೆ ಎತ್ತದೆಯೇ, “ಆ ಕಡೆ ನಿಂತ್ಕಬ್ಯಾಡಿ, ಕಣ್ಗೆ ಹೊಟ್ಟು ಬೀಳ್ತದೆ” ಅನ್ನುತ್ತಾರೆ. ಈ ಮನೆ ಎದ್ದಿರುವುದು ಒಂದು ಕಾಲದಲ್ಲಿ ಅವರಿಬ್ಬರೂ ರಾಗಿ ತೂರುತ್ತಿದ್ದ ಕಣದ ಮೇಲೆ. ಮುನಿರಾಮಯ್ಯನವರು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.